ಮನೆ ಮುಂದಿನ ರಸ್ತೆ ಯಾರದ್ದು?

ಸೈಟು ಕೊಳ್ಳುವಾಗ ನಾವು ಹೆಂಗಸರು ಏನೇನೆಲ್ಲ ಕೇಳ್ತೀವಿ! ಬಾಗಿಲು ಯಾವ ದಿಕ್ಕಿಗೆ, ನೀರು ಎಷ್ಟು ದಿನಕ್ಕೊಮ್ಮೆ, ಸ್ಕೂಲ್ ವ್ಯಾನ್ ಬರುತ್ತಾ, ಅಕ್ಕಪಕ್ಕದಲ್ಲಿ ಎಂಥವರಿದ್ದಾರೆ... ಆದರೆ ‘ಮುಂದಿರೋ ರಸ್ತೆ ಯಾರ ಹೆಸರಲ್ಲಿದೆ?’ ಅಂತ ಮಾತ್ರ ಕೇಳೋದಿಲ್ಲ. ರಸ್ತೆ ಅಂದಮೇಲೆ ಸರ್ಕಾರದ್ದೇ ಅಲ್ವಾ ಅಂದುಕೊಂಡು ಸುಮ್ಮನಾಗ್ತೀವಿ.

ಬೆಂಗಳೂರು-ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ 948 ಕೊಳ್ಳೇಗಾಲ, ಯಳಂದೂರನ್ನು ಹಾದು ಹೋಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಹನೂರಿದೆ. ಈ ಊರುಗಳ ಅಂಚಿನಲ್ಲಿ ನಿನ್ನೆ ಮೊನ್ನೆಯವರೆಗೂ ಹೊಲವಾಗಿದ್ದ ಜಾಗದಲ್ಲಿ ಈಗ ಸೈಟಿನ ಕಲ್ಲು ನಿಂತಿವೆ. ಮನೆಗಳು ಎದ್ದ ಮೇಲೆ ಮಳೆಗಾಲದ ಕೆಸರು ತಾಳಲಾರದೆ ಯಾರೋ ಒಬ್ಬರು ಮಾತು ತೆಗೀತಾರೆ: ‘ತಲೆಗೆ ಇಷ್ಟು ಅಂತ ಹಾಕೊಂಡು ನಾವೇ ರಸ್ತೆ ಮಾಡಿಸಿಬಿಡೋಣ.’ ಆ ದುಡ್ಡು ಬರೋದು ಚೀಟಿಯಿಂದಲೋ, ಸಂಘದ ಸಾಲದಿಂದಲೋ, ಮಗಳ ಮದುವೆಗೆ ಅಂತ ಎತ್ತಿಟ್ಟಿದ್ದರಿಂದಲೋ. ಕೊಡುವ ಮುಂಚೆ ಒಂದು ಮಾತು ನೆನಪಿರಲಿ. ಕಾಂಕ್ರೀಟೋ ಡಾಂಬರೋ ಅನ್ನೋದು ಎರಡನೇ ಪ್ರಶ್ನೆ. ರಸ್ತೆ ಯಾರದ್ದು ಅನ್ನೋದೇ ಮೊದಲನೇ ಪ್ರಶ್ನೆ.

ಮೊದಲು ಕಾಗದ ನೋಡಿ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಅನುಮೋದನೆ ಪಡೆದ ಬಡಾವಣೆಯಲ್ಲಿ ರಸ್ತೆ ಮತ್ತು ಪಾರ್ಕಿನ ಜಾಗವನ್ನು ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಡಬೇಕು. ಕೊಳ್ಳೇಗಾಲದಲ್ಲಿ ಅದು ನಗರಸಭೆ. ಹನೂರು, ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿ. ಊರಾಚೆಯಾದರೆ ಗ್ರಾಮ ಪಂಚಾಯಿತಿ. ನಿಮ್ಮ ಬಡಾವಣೆ ಈ ಮೂರರಲ್ಲಿ ಒಂದು ಗುಂಪಿಗೆ ಸೇರಿರುತ್ತದೆ.

ಒಂದು: ಅನುಮೋದನೆ ಆಗಿದೆ, ರಸ್ತೆ ಹಸ್ತಾಂತರವೂ ಆಗಿದೆ. ಆಗ ರಸ್ತೆ ಸಾರ್ವಜನಿಕರದ್ದು. ಮಾಡಿಸುವ, ರಿಪೇರಿ ಮಾಡುವ ಹೊಣೆ ಸ್ಥಳೀಯ ಸಂಸ್ಥೆಯದು. ಎಲ್ಲರೂ ಸಹಿ ಹಾಕಿ ಅರ್ಜಿ ಕೊಟ್ಟು ಸ್ವೀಕೃತಿ ತೊಗೊಳ್ಳಿ. ಇಲ್ಲಿ ಗೇಟು ಹಾಕುವುದು, ನಮ್ಮಿಷ್ಟಕ್ಕೆ ಹಂಪ್ ಹಾಕಿಸುವುದು ಸಲ್ಲದು.

ಎರಡು: ಅನುಮೋದನೆ ಇದೆ, ಹಸ್ತಾಂತರ ಆಗಿಲ್ಲ. ಆಗ ಡೆವಲಪರ್‌ನನ್ನೇ ಹಿಡಿಯಬೇಕು. 2016ರ ರೇರಾ ಕಾಯ್ದೆಯಡಿ ನೋಂದಣಿಯಾದ ಬಡಾವಣೆಯಾದರೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಮಗಾರಿಯಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಅವರೇ ಖರ್ಚು ಹಾಕಿ ಸರಿಪಡಿಸಬೇಕು. ಈ ಅವಧಿಯಲ್ಲಿ ನಾವೇ ಕೈಯಿಂದ ದುಡ್ಡು ಹಾಕಿದರೆ ಅವರ ಹೊಣೆ ನಾವು ಹೊತ್ತಂತಾಯಿತು, ಅಷ್ಟೆ.

ಮೂರು: ಅನುಮೋದನೆಯೇ ಇಲ್ಲದ ರೆವಿನ್ಯೂ ಸೈಟು. ಜಾಗ್ರತೆ ಬೇಕಾಗಿರೋದು ಇಲ್ಲೇ. ನಕ್ಷೆಯಲ್ಲಿ ‘30 ಅಡಿ ರಸ್ತೆ’ ಅಂತ ಗೆರೆ ಎಳೆದಿದ್ದರೂ ಪಹಣಿಯಲ್ಲಿ ಆ ಜಾಗ ಹಳೇ ಜಮೀನುದಾರರ ಹೆಸರಲ್ಲೇ ಉಳಿದಿರಬಹುದು. ನಾಳೆ ಅವರ ಮಕ್ಕಳಲ್ಲಿ ಭಾಗ ಆದಾಗ ‘ಇದು ನಮ್ಮ ಜಾಗ’ ಅಂತ ಬೇಲಿ ಹಾಕಿದರೆ, ನೀವು ಹಾಕಿಸಿದ ಕಾಂಕ್ರೀಟ್ ಸಮೇತ ತಕರಾರಿಗೆ ಬೀಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಇಂಥ ಸ್ವತ್ತುಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಶುರುಮಾಡಿತು. ಬಿ-ಖಾತಾ ಬಂದರೆ ತೆರಿಗೆ ಕಟ್ಟಬಹುದು ನಿಜ, ಆದರೆ ಅದರಿಂದ ಬಡಾವಣೆಯೇ ಸಕ್ರಮವಾಯಿತು ಅಂತಲ್ಲ. ರಸ್ತೆ ಜಾಗವನ್ನು ಸ್ಥಳೀಯ ಸಂಸ್ಥೆಯ ಹೆಸರಿಗೆ ನೋಂದಾಯಿತ ಪತ್ರದ ಮೂಲಕ ಬಿಡಿಸಿಕೊಳ್ಳದೆ ಒಂದು ಲೋಡ್ ಜಲ್ಲಿಗಿಂತ ಹೆಚ್ಚು ಖರ್ಚು ಮಾಡಬೇಡಿ.

ನಿಮ್ಮ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ರಸ್ತೆ’ ಅಂತ ಅಡಿ ಸಮೇತ ಬರೆದಿದೆಯಾ, ಇವತ್ತೇ ತೆಗೆದು ನೋಡಿ. ಹಸ್ತಾಂತರ ಆಗಿದೆಯೋ ಇಲ್ಲವೋ ಅಂತ ಕಚೇರಿಯಲ್ಲಿ ಬಾಯಿಮಾತಲ್ಲಿ ಹೇಳದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ.

ಕೊಡೋದೋ, ಇಟ್ಟುಕೊಳ್ಳೋದೋ?

ಕೆಲವರು ‘ರಸ್ತೆ ನಮ್ಮ ಸಂಘದ ಹೆಸರಲ್ಲೇ ಇರಲಿ, ಹೊರಗಿನ ಗಾಡಿ ಬರಲ್ಲ’ ಅಂತಾರೆ. 7 ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸಂಘವನ್ನೇನೋ ಮಾಡಬಹುದು. ಆದರೆ ದೀಪದ ಬಿಲ್ಲು, ಚರಂಡಿ ಹೂಳು, ಹತ್ತು ವರ್ಷಕ್ಕೆ ಬರುವ ದೊಡ್ಡ ರಿಪೇರಿ ಎಲ್ಲವೂ ಸಂಘದ ತಲೆ ಮೇಲೆ. ಮೊದಲ ವರ್ಷ ಎಲ್ಲರೂ ಖುಷಿಯಾಗಿ ವಂತಿಗೆ ಕೊಡ್ತಾರೆ. ಮೂರನೇ ವರ್ಷಕ್ಕೆ ಬಾಡಿಗೆಗೆ ಬಿಟ್ಟವರು, ಖಾಲಿ ಸೈಟಿನವರು ಫೋನೇ ಎತ್ತಲ್ಲ. ಇಪ್ಪತ್ತು-ಮೂವತ್ತು ಮನೆಯ ಬಡಾವಣೆಗೆ ಸ್ಥಳೀಯ ಸಂಸ್ಥೆಗೆ ಒಪ್ಪಿಸುವುದೇ ಕ್ಷೇಮ ಅಂತ ನನ್ನ ಅಭಿಪ್ರಾಯ. ಸಂಘ ಬೇಕು, ಒಡೆತನಕ್ಕಲ್ಲ, ಒಗ್ಗಟ್ಟಾಗಿ ಕೇಳೋದಕ್ಕೆ. ಪುರಸಭಾ ಕಾಯ್ದೆಯಲ್ಲೂ, ಖಾಸಗಿ ಬೀದಿಗೆ ರಸ್ತೆ, ಚರಂಡಿ, ದೀಪ ಸರಿಯಾಗಿ ಆಗಿದ್ದು ಹೆಚ್ಚಿನ ಮಾಲೀಕರು ಕೇಳಿಕೊಂಡರೆ ಅದನ್ನು ಸಾರ್ವಜನಿಕ ಬೀದಿ ಅಂತ ಘೋಷಿಸಲು ಅವಕಾಶವಿದೆ.

ಯಾವ ರಸ್ತೆ ಒಳ್ಳೇದು?

ಜಾಗದ ವಿಷಯ ಇತ್ಯರ್ಥವಾದ ಮೇಲೆ ಮೇಲ್ಮೈ ಯೋಚನೆ. ಡೆವಲಪರ್ ಮಾಡಿಸಲಿ, ನಗರಸಭೆ ಮಾಡಿಸಲಿ, ನಿಂತು ನೋಡೋರು ನಾವೇ ತಾನೆ!

ಗ್ರ್ಯಾವೆಲ್-ಜಲ್ಲಿ: ಅರ್ಧಕ್ಕರ್ಧ ಸೈಟು ಖಾಲಿ ಇದ್ದರೆ ಇದೇ ಸಾಕು. ಮರಳು, ಇಟ್ಟಿಗೆ ಲಾರಿಗಳು ಓಡಾಡುವ ತನಕ ಎಂಥ ರಸ್ತೆ ಹಾಕಿದರೂ ಕಿತ್ತುಹೋಗುತ್ತದೆ. ರೋಲರ್ ಓಡಿಸಿ ಗಟ್ಟಿ ಮಾಡಿಸಿ. ಬೇಸಿಗೆಯಲ್ಲಿ ಧೂಳು ಏಳುತ್ತದೆ, ಅದೊಂದು ಕಷ್ಟ.

ಡಾಂಬರು: ಮೊದಲ ಖರ್ಚು ಕಾಂಕ್ರೀಟಿಗಿಂತ ಕಡಿಮೆ. ಆದರೆ ನೀರು ನಿಂತರೆ ಇದರ ಕಥೆ ಮುಗೀತು. ಚರಂಡಿ ಇಲ್ಲದ ಕಡೆ ಬೇಡ. ಮಿಶ್ರಣ ಬಿಸಿಯಾಗೇ ಬರಬೇಕು, ಮಳೆ ಬರುವಾಗ ಹಾಕಬಾರದು.

ಕಾಂಕ್ರೀಟ್: ಪೈಪು, ಒಳಚರಂಡಿ ಎಲ್ಲಾ ಮುಗಿದಿದ್ದರೆ ಉತ್ತಮ. ಕಡಿಮೆಯೆಂದರೂ 14 ದಿನ ನೀರು ಕಟ್ಟಿ ಹದ ಮಾಡಬೇಕು. ಮೂರು-ನಾಲ್ಕು ಮೀಟರಿಗೊಂದು ಗೆರೆ ಕೊಯ್ಯಬೇಕು. ಇಲ್ಲದಿದ್ದರೆ ತಾನೇ ಮನಬಂದ ಕಡೆ ಸೀಳುತ್ತದೆ.

ಇಂಟರ್‌ಲಾಕ್ ಇಟ್ಟಿಗೆ: ಪೈಪು ರಿಪೇರಿ ಬಂದರೆ ಎತ್ತಿ ಮತ್ತೆ ಜೋಡಿಸಬಹುದು. ಕಾರು, ಸ್ಕೂಟರ್ ಮಾತ್ರ ಓಡಾಡುವ ಒಳದಾರಿಗೆ 60 ಮಿಲಿಮೀಟರ್ ದಪ್ಪ, ಲಾರಿ ಟ್ಯಾಂಕರ್ ಬರುವ ಕಡೆ 80 ಮಿಲಿಮೀಟರ್. ಎರಡೂ ಅಂಚಿಗೆ ಗಟ್ಟಿ ಕಟ್ಟೆ ಇರಲೇಬೇಕು.

ನಿಮ್ಮದು ಎರೆಮಣ್ಣಿನ ಜಾಗವಾ? ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತಿದ್ದರೆ ಹೌದು. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ಏನು ಹಾಕಿದರೂ ನಿಲ್ಲದು. ಮೇಲ್ಮಣ್ಣು ತೆಗೆಸಿ ಗ್ರ್ಯಾವೆಲ್ ತುಂಬಿಸಿಯೇ ಮುಂದುವರೆಯಬೇಕು.

ಕೆಲಸ ನಡೆಯುವಾಗ ಇವನ್ನು ಗಮನಿಸಿ

• ಮೊದಲು ಪೈಪು, ಆಮೇಲೆ ಚರಂಡಿ, ಕೊನೆಗೆ ರಸ್ತೆ. ಈ ಸರದಿ ತಪ್ಪಿದರೆ ಹಾಕಿದ್ದನ್ನೇ ಅಗೆಯಬೇಕಾಗುತ್ತದೆ.

• ನಮ್ಮ ಕಡೆ ಮುಂಗಾರೂ ಉಂಟು, ಹಿಂಗಾರೂ ಉಂಟು. ಜನವರಿಯಿಂದ ಏಪ್ರಿಲ್ ಒಳಗೆ ಕೆಲಸ ಮುಗಿಸಿಕೊಳ್ಳಿ.

• ಟೇಪು ಹಿಡಿದು ದಪ್ಪ ಅಳೆಯಿರಿ. 12 ಅಡಿ ಅಗಲ, 300 ಅಡಿ ಉದ್ದದ ರಸ್ತೆಗೆ 6 ಇಂಚು ದಪ್ಪ ಅಂದರೆ 1,800 ಘನ ಅಡಿ ಕಾಂಕ್ರೀಟ್. 4 ಇಂಚಿಗೇ ನಿಲ್ಲಿಸಿದರೆ 1,200. ಮೂರರಲ್ಲಿ ಒಂದು ಪಾಲು ಅಲ್ಲೇ ಮಾಯ!

• ಅಷ್ಟೇ ಅಗಲದ ರಸ್ತೆಯ ನಡುಭಾಗ ಅಂಚಿಗಿಂತ ಸುಮಾರು ಒಂದೂವರೆ ಇಂಚು ಎತ್ತರ ಇದ್ದರೆ ನೀರು ಚರಂಡಿಗೆ ಇಳಿಯುತ್ತದೆ.

• ಹಳೇ ರಸ್ತೆ ಮೇಲೇ ಹೊಸದು ಹಾಕ್ತಾ ಹೋದರೆ ರಸ್ತೆ ಹೊಸಿಲಿಗಿಂತ ಮೇಲೆ ಬಂದು ಮಳೆ ನೀರು ನಡುಮನೆಗೆ ನುಗ್ಗುತ್ತದೆ. ಮಟ್ಟ ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೋಡೆ ಮೇಲೆ ಗುರುತು ಹಾಕಿಸಿ.

• ಮರದ ಬುಡದ ತನಕ ಕಾಂಕ್ರೀಟ್ ಸುರಿಯಲು ಬಿಡಬೇಡಿ, ಬೇರಿಗೂ ನೀರು ಬೇಕಲ್ಲ.

• ದುಡ್ಡು ಕೊಟ್ಟರೆ ರಸೀದಿ, ಕೆಲಸಕ್ಕೆ ಬರಹದ ಒಪ್ಪಂದ. ಪೂರ್ತಿ ಹಣ ಮುಂಗಡ ಬೇಡ.

ಸೀರೆ ಕೊಳ್ಳುವಾಗ ಜರಿ ತಿರುಗಿಸಿ ನೋಡುವವರು ನಾವು. ಲಕ್ಷಗಟ್ಟಲೆ ಕೊಟ್ಟ ಸೈಟಿನ ಕಾಗದ ಮಾತ್ರ ಬೀರುವಿನಲ್ಲಿ ಮಡಿಸಿಟ್ಟ ಹಾಗೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಸೈಟು ಇರೋದೂ ಹೆಂಗಸರ ಹೆಸರಿಗೇ. ಈ ಭಾನುವಾರ ಅಕ್ಕಪಕ್ಕದ ನಾಲ್ಕು ಮನೆಯವರು ಕೂತು ಆ ಕಾಗದ ಬಿಚ್ಚಿ ಓದಿ. ಅರ್ಥವಾಗದಿದ್ದರೆ ಊರಿನ ಒಬ್ಬ ವಕೀಲರಿಗೆ ತೋರಿಸಿ. ಅವರಿಗೆ ಕೊಡುವ ಫೀಸು, ರಸ್ತೆಗೆ ಹಾಕುವ ದುಡ್ಡಿನ ಮುಂದೆ ಏನೇನೂ ಅಲ್ಲ.