ಹಳೇ ಕಂಪ್ಯೂಟರ್‌ಗೆ ಹೊಸ ರ‍್ಯಾಮ್: ಕೊಳ್ಳೋ ಮುಂಚೆ ಚೀಟಿ ಓದಿ

ದೊಡ್ಡಬಳ್ಳಾಪುರದಂಥ ಊರಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡೋರು, ಸೀರೆ ವ್ಯಾಪಾರದ ಲೆಕ್ಕ ಬರೆಯೋರು ಹತ್ತು ವರ್ಷದ ಹಳೇ ಕಂಪ್ಯೂಟರನ್ನೇ ನಂಬಿರ್ತಾರೆ. ಆನ್ ಮಾಡಿ ಹಾಲು ಕಾಯಿಸಿ ಬಂದರೂ ಅದು ಎದ್ದಿರೋದಿಲ್ಲ! ‘ರ‍್ಯಾಮ್ ಹಾಕಿಸಿ’ ಅಂತ ಎಲ್ಲರೂ ಹೇಳ್ತಾರೆ. ಯಾವ ರ‍್ಯಾಮ್ ಅಂತ ಹೇಳೋರು ಕಡಿಮೆ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಎರಡೆರಡು ಸಲ ಬಸ್ ಹತ್ತೋದು ತಪ್ಪಬೇಕಾದರೆ ಮನೆಯಲ್ಲೇ ಸ್ವಲ್ಪ ತಯಾರಿ ಮಾಡಿಕೊಳ್ಳಿ.

ಕೊರತೆ ರ‍್ಯಾಮ್‌ನದ್ದೇನಾ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತೆ. ನಿಮ್ಮ ಎಂದಿನ ಕೆಲಸ ನಡೆಯುವಾಗ ಮೆಮೊರಿ ಶೇ 85-90 ದಾಟಿದರೆ ರ‍್ಯಾಮ್ ಸಾಲದು ಎಂದರ್ಥ. ಮೆಮೊರಿ ಖಾಲಿಯಿದ್ದೂ ಡಿಸ್ಕ್ ಶೇ 100 ತೋರಿಸಿದರೆ ರ‍್ಯಾಮ್‌ಗೆ ದುಡ್ಡು ಹಾಕಬೇಡಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಅನುಕೂಲ.

ತಲೆಮಾರು ಹೊಂದಲೇಬೇಕು

ಹಳೇ ರ‍್ಯಾಮ್ ಮೇಲಿನ ಚೀಟಿ ನೋಡಿ. ಪಿಸಿ2 ಎಂದಿದ್ದರೆ ಡಿಡಿಆರ್2, ಪಿಸಿ3 ಎಂದಿದ್ದರೆ ಡಿಡಿಆರ್3, ಪಿಸಿ4 ಎಂದಿದ್ದರೆ ಡಿಡಿಆರ್4. ಒಂದರ ಜಾಗದಲ್ಲಿ ಇನ್ನೊಂದು ಕೂರೋದಿಲ್ಲ. ಡೆಸ್ಕ್‌ಟಾಪ್‌ನ ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್, ನೋಡೋಕೆ ಅಕ್ಕ-ತಂಗಿ. ಆದರೆ ಕೆಳಗಿನ ಕಚ್ಚು ಬೇರೆ ಬೇರೆ ಕಡೆ. ಒತ್ತಿ ಕೂರಿಸಲು ಹೋದರೆ ಮದರ್‌ಬೋರ್ಡೇ ಹಾಳು.

ಇವೂ ನೆನಪಿರಲಿ

* ಲ್ಯಾಪ್‌ಟಾಪ್ ರ‍್ಯಾಮ್ ಗಿಡ್ಡ, ಡೆಸ್ಕ್‌ಟಾಪ್‌ನದು ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರ್ತಾರೆ, ಮೊದಲೇ ಕೇಳಿ.
* ಚೀಟಿಯಲ್ಲಿ ಪಿಸಿ3ಎಲ್ ಎಂದಿದ್ದರೆ ಅದು 1.35 ವೋಲ್ಟಿನದು. ಅದೇ ಕೇಳಿ, 1.5 ವೋಲ್ಟಿನದು ಬೇಡ.
* ಬೇರೆ ಬೇರೆ ವೇಗದವು ಜೊತೆಯಾದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ.
* ಅಗ್ಗಕ್ಕೆ ಸಿಕ್ಕಿತೆಂದು ಸರ್ವರ್ ರ‍್ಯಾಮ್ ತರಬೇಡಿ. ಮನೆ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಹೊಂದದು.
* 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚು ಬಳಸಿಕೊಳ್ಳದು.
* ಮದರ್‌ಬೋರ್ಡ್ ಮಾದರಿ ಬರೆದುಕೊಳ್ಳಿ. ಅದು ಎಷ್ಟು ಜಿಬಿವರೆಗೆ ತಡೆಯುತ್ತೆ ಅಂತ ಅದರ ಕೈಪಿಡಿಯಲ್ಲಿರುತ್ತೆ.

ಖರ್ಚು ಮಾಡೋ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಷ್ಟೇ ರ‍್ಯಾಮ್ ಹಾಕಿದರೂ ಹಳೇ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವಾಗದು. ಲೆಕ್ಕ, ಅಕ್ಷರ ಜೋಡಣೆಗಾದರೆ ರ‍್ಯಾಮ್ ಹಾಕಿಸಿ. ಬ್ಯಾಂಕ್ ವ್ಯವಹಾರವೂ ಅದರಲ್ಲೇ ಆಗಬೇಕಿದ್ದರೆ ಆ ದುಡ್ಡನ್ನು ಹೊಸದಕ್ಕೆ ಕೂಡಿಡೋದೇ ಜಾಣತನ.

ಮ್ಯಾಚಿಂಗ್ ಬ್ಲೌಸ್ ಪೀಸ್ ತರೋಕೆ ಸೀರೆ ಒಯ್ಯುತ್ತೀವಲ್ಲ, ಹಾಗೇ ಅಂಗಡಿಗೆ ಹಳೇ ರ‍್ಯಾಮನ್ನೇ ಒಯ್ಯಿರಿ. ಬಿಚ್ಚುವ ಮೊದಲು ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಲೋಹದ ಭಾಗವನ್ನೊಮ್ಮೆ ಮುಟ್ಟಿ. ಮೈಯಲ್ಲಿನ ಸ್ಥಿರ ವಿದ್ಯುತ್ ರ‍್ಯಾಮನ್ನು ಸುಡಬಹುದು. ಹೊಂದದಿದ್ದರೆ ಬದಲಿಸಿ ಕೊಡ್ತೀವಿ ಅಂತ ಬಿಲ್ ಮೇಲೆ ಬರೆಸಿಕೊಳ್ಳೋಕೆ ಸಂಕೋಚ ಬೇಡ.