ಮೇಜಿನ ಮೇಲೊಂದು ಸಂಗೀತ ಸಭೆ

ಮಗನ ಹಟಕ್ಕೆ ಮಣಿದು ಮನೆಗೆ ಹೊಸ ಸ್ಪೀಕರ್ ಜೋಡಿ ಬಂದಿದೆ. ರಟ್ಟಿನ ಪೆಟ್ಟಿಗೆಯ ಮೇಲೆ '1000 ವಾಟ್' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ಕಂಪ್ಯೂಟರ್ ಮೇಜಿನ ಮೇಲೆ ಜಾಗವೆಲ್ಲಿದೆ? ಒಂದನ್ನು ಪರದೆಯ ಹಿಂದೆ ತುರುಕಿ, ಇನ್ನೊಂದನ್ನು ಪುಸ್ತಕದ ರಾಶಿಯ ಪಕ್ಕ, ಗೋಡೆಯ ಮೂಲೆಗೆ ಒತ್ತರಿಸಿದ್ದಾಯಿತು. ಹಾಡು ಶುರುವಾಯಿತು. ಗಾಯಕರ ಕಂಠ ಡಬ್ಬಿಯೊಳಗಿಂದ ಬಂದಂತಿದೆ. ಮೃದಂಗ ಬರೀ 'ಗುಂ ಗುಂ' ಎನ್ನುತ್ತಿದೆ. "ಇಷ್ಟು ದುಡ್ಡು ಕೊಟ್ಟು ತಂದದ್ದು ಇದಕ್ಕೇನೋ?" ಎಂದು ಅಪ್ಪ ಗೊಣಗುತ್ತಾರೆ. "ಇರಪ್ಪ, ಸೌಂಡ್ ಜಾಸ್ತಿ ಮಾಡ್ತೀನಿ" ಎಂದು ಮಗ ಗುಂಡಿ ತಿರುಗಿಸುತ್ತಾನೆ. ಒಳಗಿನ ಕೋಣೆಯಿಂದ ಅಜ್ಜಿಯ ಕೂಗು: "ಸ್ವಲ್ಪ ಕಮ್ಮಿ ಮಾಡೋ, ತಲೆ ಸಿಡಿಯುತ್ತೆ!"

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಪಾಠ ಕೇಳಲು, ಹಾಡು ಕೇಳಲು, ಸಿನಿಮಾ ನೋಡಲು ಕಂಪ್ಯೂಟರ್ ಬಳಸುವ ಎಷ್ಟೋ ಮನೆಗಳಲ್ಲಿ ನಡೆಯುವುದೇ ಹೀಗೆ. ಧ್ವನಿ ಚೆನ್ನಾಗಿಲ್ಲವೆಂದರೆ ಇನ್ನೂ ದುಬಾರಿಯದನ್ನು ಕೊಳ್ಳಬೇಕು, ಇಲ್ಲವೇ ಸದ್ದು ಹೆಚ್ಚಿಸಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಮೊದಲನೆಯದರಿಂದ ಜೇಬಿಗೆ ನಷ್ಟ, ಎರಡನೆಯದರಿಂದ ಕಿವಿಗೆ. ನಿಜವಾಗಿ ಮಾಡಬೇಕಾದ ಕೆಲಸ ಮೂರನೆಯದು: ಇರುವ ಸ್ಪೀಕರನ್ನು ಸರಿಯಾದ ಜಾಗದಲ್ಲಿ ಇಡುವುದು. ಅದಕ್ಕೆ ಬೇಕಾದ ವಿಜ್ಞಾನವೆಲ್ಲ ಹೈಸ್ಕೂಲಿನ ಪಠ್ಯಪುಸ್ತಕದಲ್ಲೇ ಇದೆ!

ವಾಟ್ ಎಂಬ ಮಾಯೆ

ಮೊದಲು ಪೆಟ್ಟಿಗೆಯ ಮೇಲಿನ ಅಂಕಿಯನ್ನೇ ನೋಡೋಣ. ಕಂಪ್ಯೂಟರಿನ ಸಾಧಾರಣ ಯುಎಸ್‌ಬಿ ಕಿಂಡಿಯಿಂದ ನಡೆಯುವ ಸ್ಪೀಕರಿಗೆ ಸಿಗುವುದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವಾಟ್. ಒಳಗೆ ಹೋದದ್ದು ಎರಡೂವರೆ ವಾಟ್ ಆದರೆ ಹೊರಗೆ ನಿರಂತರವಾಗಿ ಸಾವಿರ ವಾಟ್ ಬರುವುದು ಹೇಗೆ ಸಾಧ್ಯ? ಶಕ್ತಿಯನ್ನು ಸೃಷ್ಟಿಸಲಾಗದು ಎಂಬ ನಿಯಮ ಅಂಗಡಿಯಲ್ಲಿಯೂ ಅನ್ವಯಿಸುತ್ತದಲ್ಲವೆ? 'ಪಿಎಂಪಿಒ' ಎಂಬ ಅಕ್ಷರಗಳ ಜತೆ ಬರುವ ದೊಡ್ಡ ಅಂಕಿ, ಕ್ಷಣಮಾತ್ರದ ಗರಿಷ್ಠವೆಂದು ಹೇಳಿಕೊಳ್ಳುವ ಜಾಹೀರಾತಿನ ಲೆಕ್ಕ. ನೋಡಬೇಕಾದದ್ದು 'ಆರ್‌ಎಂಎಸ್' ಎಂದು ಬರೆದ ಅಂಕಿಯನ್ನು. ಅದು ನಿರಂತರವಾಗಿ ದೊರೆಯುವ ಸಾಮರ್ಥ್ಯ.

ಅಷ್ಟಕ್ಕೂ ಮೇಜಿನ ಬಳಿ ಕೂರುವವರಿಗೆ ಎಷ್ಟು ವಾಟ್ ಬೇಕು? ಚಿಕ್ಕ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 80ರಿಂದ 85 ಡೆಸಿಬೆಲ್ ಸದ್ದು ಬರುತ್ತದೆ. ಅಷ್ಟು ಹತ್ತಿರ ಕುಳಿತವರಿಗೆ ಇದೇ ಹೆಚ್ಚು. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಆದ್ದರಿಂದ ವಾಟಿನ ಹಿಂದೆ ಓಡುವುದು ವ್ಯರ್ಥ.

ಶಂಕು ಮತ್ತು ಪೆಟ್ಟಿಗೆ

ಸ್ಪೀಕರಿನ ಒಳಗಿರುವುದು ಒಂದು ಅಯಸ್ಕಾಂತ, ಅದರ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದ ಅಥವಾ ಪ್ಲಾಸ್ಟಿಕ್ಕಿನ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಶಂಕು ಹಿಂದೆ ಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ಈ ವಿನ್ಯಾಸದ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ.

ಹಾಗಾದರೆ ಪೆಟ್ಟಿಗೆ ಏಕೆ? ಶಂಕು ಮುಂದೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿ ವಿರಳವಾಗುತ್ತದೆ. ಮುಂದಿನ ಒತ್ತಡ ಬಳಸಿಕೊಂಡು ಹಿಂದಕ್ಕೆ ಹರಿದರೆ ಎರಡೂ ಸೇರಿ ಸೊನ್ನೆ! ಮಂದ್ರ ಧ್ವನಿಗಳು ಹೀಗೆ ಮಾಯವಾಗುತ್ತವೆ. ಹಳೆಯ ರೇಡಿಯೋದ ಬಿಡಿ ಸ್ಪೀಕರ್ ಸಿಕ್ಕಿದರೆ ಹಾಡು ಹಾಕಿ, ದೊಡ್ಡ ರಟ್ಟಿನಲ್ಲಿ ಅದರ ಅಳತೆಯ ತೂತು ಕೊರೆದು ಹಿಡಿದು ನೋಡಿ. ದನಿ ತಟ್ಟನೆ ತುಂಬಿಕೊಳ್ಳುತ್ತದೆ. ಪೆಟ್ಟಿಗೆ ಅಲಂಕಾರಕ್ಕಲ್ಲ, ಅದೂ ವಾದ್ಯದ ಒಂದು ಭಾಗವೇ.

ಎರಡು ಕಿವಿ, ಎರಡು ಸ್ಪೀಕರ್

ಕಣ್ಣು ಮುಚ್ಚಿ ಕುಳಿತಿದ್ದರೂ ಕರೆದವರು ಎಡಗಡೆಯಿದ್ದಾರೋ ಬಲಗಡೆಯೋ ಎಂದು ನಮಗೆ ತಿಳಿಯುತ್ತದೆ. ಎಡಗಡೆಯ ಸದ್ದು ಎಡಗಿವಿಯನ್ನು ಮೊದಲು ತಲುಪುತ್ತದೆ. ಎರಡು ಕಿವಿಗಳ ನಡುವೆ ಬೀಳುವ ಸಮಯದ ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಗುರುತಿಸುತ್ತದೆ. ಈ ಸಾಮರ್ಥ್ಯವನ್ನೇ ಬಳಸಿಕೊಂಡು ಎರಡು ಸ್ಪೀಕರುಗಳಿಂದ ಇಡೀ ವೇದಿಕೆಯನ್ನು ಕಿವಿಯೆದುರು ಕಟ್ಟಬಹುದೆಂದು ತೋರಿಸಿಕೊಟ್ಟವನು ಇಂಗ್ಲೆಂಡಿನ ಇಂಜಿನಿಯರ್ ಅಲನ್ ಬ್ಲಮ್ಲೇನ್. 1931ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವನು ಇದರ ಪೇಟೆಂಟಿಗೆ ಅರ್ಜಿ ಹಾಕಿದ. ಇಂದು ನಾವು ಸ್ಟೀರಿಯೊ ಎನ್ನುವುದು ಇದನ್ನೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ರೇಡಾರ್ ಪರೀಕ್ಷಿಸುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ ಅವನು ತೀರಿಕೊಂಡ.

ಬ್ಲಮ್ಲೇನನ ಉಪಾಯ ಫಲಿಸಬೇಕಾದರೆ ಎರಡು ಸ್ಪೀಕರುಗಳೂ ಕೇಳುಗನಿಂದ ಸಮಾನ ದೂರದಲ್ಲಿರಬೇಕು. ಒಂದು ದಾರ ತೆಗೆದುಕೊಳ್ಳಿ. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಎಷ್ಟು ದೂರವೋ, ಪ್ರತಿಯೊಂದರಿಂದ ನಿಮ್ಮ ತಲೆಗೂ ಅಷ್ಟೇ ದೂರವಿರುವಂತೆ ಜೋಡಿಸಿ. ಅದೊಂದು ಸಮಬಾಹು ತ್ರಿಭುಜ. ಮನೆಯ ಮೇಜಿಗೆ 70 ಸೆಂಟಿಮೀಟರ್ ಬಾಹು ಸಾಕು. ಸ್ಪೀಕರುಗಳ ಮುಖ ನಿಮ್ಮ ಕಡೆ ತಿರುಗಿರಲಿ. ತಾರ ಸ್ವರಗಳು ಟಾರ್ಚ್ ಬೆಳಕಿನಂತೆ ಬಹುಮಟ್ಟಿಗೆ ಎದುರಿಗೇ ಸಾಗುತ್ತವೆ. ಮುಖ ಬೇರೆಡೆ ಇದ್ದರೆ ಅಥವಾ ಪರದೆ ಅಡ್ಡ ಬಂದರೆ ಕಿವಿಗೆ ತಲುಪುವುದಿಲ್ಲ. 'ಸ', 'ತ', 'ಫ' ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಈ ಮೇಲಿನ ಆವೃತ್ತಿಗಳಲ್ಲಿಯೇ. ಪಾಠದ ಮಾತು ಅರ್ಥವಾಗದೆ ವಿದ್ಯಾರ್ಥಿ ಸದ್ದು ಹೆಚ್ಚಿಸುವುದು ಎಷ್ಟೋ ಸಲ ಈ ಕಾರಣಕ್ಕೆ.

ಸರಿಯಾಗಿದೆಯೆ ಎಂದು ಪರೀಕ್ಷಿಸುವುದು ಸುಲಭ. ವಾರ್ತೆ ಓದುವ ಒಬ್ಬರ ಧ್ವನಿ ಹಾಕಿ. ಮಾತು ಎರಡೂ ಸ್ಪೀಕರುಗಳಿಂದಲ್ಲ, ಅವುಗಳ ನಡುವಣ ಖಾಲಿ ಜಾಗದಿಂದ ಬಂದಂತೆ ಕೇಳಿಸಬೇಕು. ಹಾಗಾಗದೆ ದನಿ ಪೊಳ್ಳಾಗಿ ಎಲ್ಲೆಲ್ಲೋ ತೇಲಿದಂತಿದ್ದರೆ, ಬಿಡಿ ತಂತಿಗಳನ್ನು ಸಿಕ್ಕಿಸುವ ಸ್ಪೀಕರುಗಳಲ್ಲಿ ಒಂದರ ಕೆಂಪು, ಕಪ್ಪು ತಂತಿಗಳು ಅದಲು ಬದಲಾಗಿರಬಹುದು. ಆಗ ಒಂದು ಶಂಕು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ. ಮಂದ್ರ ಸ್ವರಗಳು ಒಂದನ್ನೊಂದು ನುಂಗಿಬಿಡುತ್ತವೆ.

ಕನ್ನಡಿಯ ಪರೀಕ್ಷೆ

ಮೇಜು ಬರೀ ಮೇಜಲ್ಲ, ಧ್ವನಿಯ ಪಾಲಿಗೆ ಅದೊಂದು ಕನ್ನಡಿ. ಸ್ಪೀಕರಿನ ಧ್ವನಿ ನೇರವಾಗಿಯೂ ಬರುತ್ತದೆ, ಮೇಜಿಗೆ ಬಡಿದು ಪ್ರತಿಫಲಿಸಿಯೂ ಬರುತ್ತದೆ. ಶಂಕು ಮೇಜಿನಿಂದ 10 ಸೆಂ.ಮೀ., ಕಿವಿ 45 ಸೆಂ.ಮೀ. ಎತ್ತರದಲ್ಲಿದ್ದು, ಅಡ್ಡ ದೂರ 70 ಸೆಂ.ಮೀ. ಎಂದುಕೊಳ್ಳಿ. ಪೈಥಾಗೊರಸನ ಪ್ರಮೇಯ ಹಾಕಿದರೆ ನೇರ ಹಾದಿ ಸುಮಾರು 78 ಸೆಂ.ಮೀ., ಮೇಜಿಗೆ ತಗುಲಿ ಬರುವ ಹಾದಿ 89 ಸೆಂ.ಮೀ. ವ್ಯತ್ಯಾಸ 11 ಸೆಂ.ಮೀ. ಇದರ ಎರಡರಷ್ಟು, ಅಂದರೆ 22 ಸೆಂ.ಮೀ. ತರಂಗದೂರವುಳ್ಳ ಧ್ವನಿಗೆ ಏನಾಗುತ್ತದೆ? ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಂದು ಧ್ವನಿ ಕ್ಷೀಣಿಸುತ್ತದೆ. ಧ್ವನಿಯ ವೇಗವನ್ನು ಸೆಕೆಂಡಿಗೆ 345 ಮೀಟರ್ ಎಂದು ಹಿಡಿದರೆ ಇದು ಸುಮಾರು 1,600 ಹರ್ಟ್ಸ್. ಮಾತಿನ ಸ್ಪಷ್ಟತೆಗೆ ಬೇಕಾದ ಜಾಗ! ಗಾಯಕರು ಡಬ್ಬಿಯೊಳಗಿಂದ ಹಾಡಿದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಮನೆಯ ಸಣ್ಣ ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ ಸರಿಸುತ್ತಾ ಹೋಗಿ. ಕುರ್ಚಿಯಲ್ಲಿ ಕುಳಿತಾಗ ಅದರಲ್ಲಿ ಸ್ಪೀಕರಿನ ಶಂಕು ಕಂಡ ಜಾಗವೇ ಧ್ವನಿ ಪುಟಿಯುವ ಜಾಗ. ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂಬ ನಿಯಮ ಬೆಳಕಿಗೂ ಧ್ವನಿಗೂ ಒಂದೇ. ಪರಿಹಾರವೂ ಸುಲಭ. ಸ್ಪೀಕರಿನ ಕೆಳಗೆ ಎರಡು ದಪ್ಪ ಪುಸ್ತಕಗಳನ್ನಿಟ್ಟು ಎತ್ತರಿಸಿ, ಮುಂಭಾಗದ ಅಡಿಯಲ್ಲಿ ರಬ್ಬರಿನ ತುಂಡಿಟ್ಟು ಮುಖ ಕಿವಿಯತ್ತ ಬರುವಂತೆ ವಾಲಿಸಿ. ಆಗ ಮೇಜಿನತ್ತ ಹೋಗುವ ಧ್ವನಿ ತಗ್ಗುತ್ತದೆ, ಅದರ ಹಾದಿಯೂ ಉದ್ದವಾಗುತ್ತದೆ. ರಬ್ಬರಿನಿಂದ ಇನ್ನೊಂದು ಲಾಭ: ಸ್ಪೀಕರಿನ ಜತೆ ಮೇಜೂ ನಡುಗುವುದು ಕಡಿಮೆಯಾಗುತ್ತದೆ.

ಗೋಡೆ, ಮೂಲೆ, ಕೋಣೆ

ಮಂದ್ರ ಸ್ವರಗಳ ಸ್ವಭಾವ ಬೇರೆ. 50 ಹರ್ಟ್ಸ್ ಧ್ವನಿಯ ತರಂಗದೂರ ಸುಮಾರು 7 ಮೀಟರ್, ಅಂದರೆ ಕೋಣೆಗಿಂತಲೂ ಉದ್ದ! ಅದು ಎಲ್ಲ ದಿಕ್ಕಿಗೂ ಹರಡಿ, ಹಿಂದಿನ ಗೋಡೆಗೆ ಬಡಿದು ಬಂದು ಮುಂದಿನ ಧ್ವನಿಯನ್ನು ಕೂಡಿಕೊಳ್ಳುತ್ತದೆ. ಮೂಲೆಯಲ್ಲಿ ಎರಡು ಗೋಡೆಗಳ ಕೊಡುಗೆ. ಮೂಲೆಗೆ ಒತ್ತಿದ ಸ್ಪೀಕರಿನಿಂದ 'ಗುಂ ಗುಂ' ಎಂಬ ಸದ್ದು ಬರುವುದು ಇದರಿಂದಲೇ. ಮೇಜನ್ನೇ ಮೂಲೆಯಿಂದ ಸರಿಸಿ. ಆಗದಿದ್ದರೆ ಸ್ಪೀಕರನ್ನಾದರೂ ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ.

ಕೋಣೆಯೂ ಮುಖ್ಯ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದಾರು ಸೆಕೆಂಡು ಅನುರಣಿಸುತ್ತಾ ಉಳಿದು, ಏನೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ ಬಿದ್ದದ್ದು ವ್ಯಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕನ ಮೇಲೆ. ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು ಹರಡಿ, ಎಷ್ಟು ಮೆತ್ತೆಗೆ ಅನುರಣನೆ ಎಷ್ಟು ಇಳಿಯುತ್ತದೆಂದು ಅವನು ಅಳೆದ. ಸಭಾಂಗಣಗಳ ಧ್ವನಿವಿಜ್ಞಾನ ಹುಟ್ಟಿದ್ದು ಹಾಗೆ. ನಮ್ಮ ಮನೆಗಳ ಬೋಳು ಗೋಡೆ, ನುಣುಪಾದ ನೆಲಗಳದ್ದೂ ಇದೇ ತೊಂದರೆ. ಕಿಟಕಿಗೆ ದಪ್ಪ ಪರದೆ, ಎದುರು ಗೋಡೆಗೆ ಪುಸ್ತಕದ ಕಪಾಟು, ಪಕ್ಕದಲ್ಲೊಂದು ಹತ್ತಿಯ ಹಾಸಿಗೆ ಇದ್ದರೆ ಸಬೀನನ ಮೆತ್ತೆಗಳ ಕೆಲಸ ಆದಂತೆಯೇ.

ಇನ್ನು ಹಾಡಿಲ್ಲದಾಗಲೂ 'ಗುಂಯ್' ಎಂಬ ಸದ್ದು ಬರುತ್ತಿದ್ದರೆ ಕಂಪ್ಯೂಟರ್ ಮತ್ತು ಸ್ಪೀಕರ್ ಎರಡರ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿ. ಧ್ವನಿಯ ತಂತಿಯನ್ನು ವಿದ್ಯುತ್ ತಂತಿಯಿಂದ ದೂರವಿಡಿ. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದಿಗೂ ತೆಗೆಯಬೇಡಿ. ಅದು ಪ್ರಾಣ ಕಾಯುವ ಪಿನ್.

ಕಿವಿಯ ಲೆಕ್ಕ

ಇಷ್ಟೆಲ್ಲ ಶ್ರಮ ಕೇವಲ ಸಂಗೀತದ ಸುಖಕ್ಕಲ್ಲ. ಒಳಗಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ರೋಮಕೋಶಗಳು ಪ್ರತಿ ಕಿವಿಗೆ ಸುಮಾರು 15 ಸಾವಿರ ಮಾತ್ರ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದು ಇವನ್ನು ನೋವಿಲ್ಲದೆ, ಸುಳಿವಿಲ್ಲದೆ ಕೊಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಹೊರತಂದ ಮಾನದಂಡದಂತೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 40 ಗಂಟೆ 75 ಡೆಸಿಬೆಲ್ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗಬೇಕು. 84 ಡೆಸಿಬೆಲ್ಲಿನಲ್ಲಿ ಕೇಳುವ ಮಗುವಿನ ಪಾಲಿಗೆ ವಾರಕ್ಕೆ ಉಳಿಯುವುದು ಬರೀ 5 ಗಂಟೆ!

ಸದ್ದು ತಗ್ಗಿಸಿದರೆ ಮಂದ್ರ ಸ್ವರಗಳು ಸಪ್ಪೆಯೆನಿಸುವುದು ನಿಜ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಅದಕ್ಕೆ ಮಂದ್ರದ ಗುಂಡಿಯನ್ನಷ್ಟೇ ತುಸು ಏರಿಸಿದರೆ ಸಾಕು, ಇಡೀ ಸದ್ದನ್ನು ಏರಿಸಬೇಕಿಲ್ಲ.

ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ದಾರ, ಕನ್ನಡಿ, ಎರಡು ದಪ್ಪ ಪುಸ್ತಕ, ರಬ್ಬರಿನ ತುಂಡುಗಳು ಇಷ್ಟೇ ಸಾಮಗ್ರಿ. ಅಳೆಯುವ ಕೆಲಸ ಮಕ್ಕಳದಾಗಲಿ, ಕುರ್ಚಿಯಲ್ಲಿ ಕುಳಿತು ಕೇಳುವ ಕೆಲಸ ಅಪ್ಪ ಅಮ್ಮಂದಿರದು. ಜೋಡಣೆ ಮುಗಿದ ಮೇಲೆ ಅದೇ ಹಾಡನ್ನು ಮತ್ತೆ ಹಾಕಿ, ಸಾಹಿತ್ಯದ ಪ್ರತಿ ಅಕ್ಷರ ತಿಳಿಯುವಷ್ಟಕ್ಕೆ ಮಾತ್ರ ಗುಂಡಿ ತಿರುಗಿಸಿ. ಹಿಂದಿಗಿಂತ ಗುಂಡಿ ಕೆಳಗೇ ನಿಂತಿತೆ? ಒಳಗಿನ ಕೋಣೆಯಿಂದ ಅಜ್ಜಿ ಕೂಗಲಿಲ್ಲವೆ? ಹಾಗಿದ್ದರೆ ನಿಮ್ಮ ಪ್ರಯೋಗ ಗೆದ್ದಿದೆ. ಹೊಸ ಸ್ಪೀಕರಿಗೆಂದು ತೆಗೆದಿಟ್ಟ ಹಣವನ್ನು ಒಂದೆರಡು ಒಳ್ಳೆಯ ಕಛೇರಿಗಳ ಟಿಕೆಟ್ಟಿಗೆ ಬಳಸಬಹುದು.