ಕಾಲುನೋವು: ದೋಷ ಯಾವ ರಕ್ತನಾಳದ್ದು?

ವಯಸ್ಸಾದವರು ಕಾಲುನೋವೆಂದರೆ ಸಾಕು, ವಾತವೆಂದು ಎಣ್ಣೆ ತಿಕ್ಕಿ ಶಾಖ ಕೊಡುವುದು ನಮ್ಮ ಮನೆಗಳಲ್ಲಿ ರೂಢಿ. ಆದರೆ ರಕ್ತನಾಳಗಳ ದೋಷದಿಂದ ಬರುವ ಕಾಲುನೋವೂ ಉಂಟು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಪಾಯ.

ಹೃದಯದಿಂದ ಶುದ್ಧ ರಕ್ತವನ್ನು ಕಾಲಿಗೆ ಒಯ್ಯುವುದು ಅಪಧಮನಿ. ಮಲಿನ ರಕ್ತವನ್ನು ಹಿಂದಕ್ಕೆ ತರುವುದು ಅಭಿಧಮನಿ. ಅಭಿಧಮನಿಯ ರಕ್ತ ಮೇಲೇರಬೇಕಾದ್ದರಿಂದ ಅದರಲ್ಲಿ ಅಲ್ಲಲ್ಲಿ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅದು ಕೆಳಗಿಳಿಯದಂತೆ ಕವಾಟಗಳು ತಡೆಯುತ್ತವೆ. ಕವಾಟಗಳು ಸೋತಾಗ ರಕ್ತ ಕೆಳಗೇ ನಿಂತು, ನಾಳಗಳು ಉಬ್ಬಿ ಹಾವಿನಂತೆ ಸುತ್ತಿಕೊಳ್ಳುತ್ತವೆ. ಇದೇ ವೆರಿಕೋಸ್ ವೇನ್ಸ್. ದಿನವಿಡೀ ನಿಂತು ದುಡಿಯುವ ಕಂಡಕ್ಟರು, ಉಪಾಧ್ಯಾಯರು, ಹೋಟೆಲಿನ ಸಪ್ಲೈಯರು, ಗರ್ಭಿಣಿಯರು ಇವರಲ್ಲಿ ಹೆಚ್ಚು. ಸಂಜೆಯ ಹೊತ್ತಿಗೆ ಕಾಲು ಭಾರವಾಗಿ ಕಣಕಾಲು ಬಾತುಕೊಳ್ಳುತ್ತದೆ. ದಿಂಬಿನ ಮೇಲೆ ಕಾಲಿಟ್ಟು ಮಲಗಿದರೆ ಆರಾಮ. ಅಲಕ್ಷಿಸಿದರೆ ಕಣಕಾಲಿನ ಒಳಬದಿಯ ಚರ್ಮ ಕಪ್ಪಾಗಿ, ಬೇಗ ಮಾಯದ ಹುಣ್ಣಾಗಬಹುದು.

ಅಪಧಮನಿಯ ನೋವಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಒಳಗೆ ಕೊಬ್ಬು ಕಟ್ಟಿ ನಾಳ ಕಿರಿದಾಗಿರುತ್ತದೆ. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ನಿಂತರೆ ಬಿಡುತ್ತದೆ. ರೋಗ ಬಲಿತರೆ ರಾತ್ರಿ ಮಲಗಿದಾಗಲೂ ಪಾದ ಉರಿಯುತ್ತದೆ, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಸಮಾಧಾನ. ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದರ ಮುಖ್ಯ ಕಾರಣಗಳು. ಬೀಡಿ-ಸಿಗರೇಟು ಸೇದುವ ಎಳೆಯ ವಯಸ್ಸಿನ ಗಂಡಸರಲ್ಲಿ ಕಾಣುವ ಇನ್ನೊಂದು ರೋಗಕ್ಕೆ, 1908ರಲ್ಲಿ ಅದನ್ನು ವಿವರಿಸಿದ ವೈದ್ಯರ ಹೆಸರಿನಿಂದ ಬರ್ಜರ್ ರೋಗ ಎನ್ನುತ್ತಾರೆ. ಬೆರಳುಗಳು ಕಪ್ಪಾಗಿ ಕೊಳೆತು ಕತ್ತರಿಸಬೇಕಾದೀತು. ಇಲ್ಲಿ ತಂಬಾಕು ಬಿಡದೆ ಯಾವ ಔಷಧಿಯೂ ನಾಟದು. 'ದಿನಕ್ಕೆ ಎರಡೇ ಬೀಡಿ' ಎಂಬ ರಾಜಿಗೂ ಅವಕಾಶವಿಲ್ಲ.

ವೆರಿಕೋಸ್ ವೇನ್ಸ್‌ಗೆ ವೈದ್ಯರು ಕೊಡುವ ಬಿಗಿ ಕಾಲುಚೀಲವನ್ನು, ನೆರೆಯವರಿಗೆ ಗುಣ ಕಂಡಿತೆಂದು ಅಪಧಮನಿ ಕಟ್ಟಿದವರು ತೊಟ್ಟರೆ, ಪಾದಕ್ಕೆ ಹೋಗುತ್ತಿದ್ದ ಅಲ್ಪಸ್ವಲ್ಪ ರಕ್ತವೂ ನಿಂತೀತು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಶಾಖ ಕೊಟ್ಟರೆ ಸುಟ್ಟದ್ದೂ ತಿಳಿಯದು. ಆದ್ದರಿಂದ ಮೊದಲು ಪಾದದ ನಾಡಿ ನೋಡಿಸಬೇಕು. ತೋಳಿನ ಮತ್ತು ಕಣಕಾಲಿನ ರಕ್ತದೊತ್ತಡವನ್ನು ಹೋಲಿಸುವ ಪರೀಕ್ಷೆಯೂ ಇದೆ. ಕಣಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆ ಎಂದರ್ಥ.

ಇನ್ನೆರಡು ಸಂದರ್ಭಗಳಲ್ಲಿ ಕಾಯುವಂತಿಲ್ಲ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಅಪಧಮನಿ ಪೂರ್ತಿ ಕಟ್ಟಿರಬಹುದು. ಕಾಲು ಉಳಿಯುವುದು ಗಂಟೆಗಳ ಲೆಕ್ಕದಲ್ಲಿ. ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ದೀರ್ಘ ಪ್ರಯಾಣದ ನಂತರ ಒಂದೇ ಕಾಲು ಬಾತು ನೋಯತೊಡಗಿದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಆ ಕಾಲನ್ನು ತಿಕ್ಕಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.